ಒಂದು ನೂಲು ಮುಂದೆ

ನನ್ನ ಕೈ ಸುಮ್ಮನಿರುವ ಜಾತಿಯದಲ್ಲ. ಚಿಕ್ಕಂದಿನಲ್ಲಿ ಊಟದ ತಾಟು ಬಡಿದು ಅವ್ವನಿಂದ ಬೈಸಿಕೊಂಡೆ, ಶಾಲೆಯಲ್ಲಿ ಡೆಸ್ಕು ಬಡಿದು ಬಾಗಿಲ ಹೊರಗೆ ನಿಂತೆ. ಎರಡು ಸಾವಿರದ ಒಂಬತ್ತರಲ್ಲಿ ಧಾರವಾಡದ ಕಡೆಯಿಂದ ಬಂದು ಯಲಹಂಕದ ಒಂದು ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಗುಮಾಸ್ತೆಯಾಗಿ ಸೇರಿದ ಮೇಲೂ ಚಟ ಬಿಡಲಿಲ್ಲ. "ನಿಮ್ ಬೆರಳಿಗೆ ಸ್ವಲ್ಪ ರಜಾ ಕೊಡ್ರೀ" ಎಂದು ಎದುರು ಟೇಬಲ್ಲಿನ ಹೆಂಗಸು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಇನ್ನೊಂದು ಚಟವೂ ಇತ್ತು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ತಪ್ಪು ಮಾಡಿಸಿದ್ದು ಅದೇ. ಯಾರು ಏನು ಬರೆದರೂ ತಿದ್ದುವುದು. ಅಂಕಪಟ್ಟಿಯಲ್ಲಿ ಒಂದು ಅಂಕಿ ಪಕ್ಕದ ಕಾಲಮ್ಮಿಗೆ ಜಾರಿದರೆ ಯಾರದೋ ಮಗಳು ಫೇಲಾಗುತ್ತಾಳೆ. ಹಾಗಾಗದಂತೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ. ಪೆನ್ಸಿಲ್ಲು, ಸ್ಕೇಲು, ರಬ್ಬರು ಮೂರೂ ಸದಾ ನನ್ನ ಚೀಲದಲ್ಲಿರುತ್ತಿದ್ದವು. ಮದುವೆಯ ಕರೆಯೋಲೆ ಬಂದರೂ ಮೊದಲು ಕಾಗುಣಿತ ನೋಡಿ, ಆಮೇಲೆ ಯಾರ ಮದುವೆ ಎಂದು ನೋಡುತ್ತಿದ್ದೆ. ಜೊತೆಗೆ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು.

ಆ ವರ್ಷ ರಾಜ್ಯೋತ್ಸವಕ್ಕೆ ಕಾಲೇಜಿಗೆ ಒಂದು ಆರ್ಕೆಸ್ಟ್ರಾ ಕರೆಸಿದ್ದರು. ಎಲ್ಲರೂ ಹಾಡುವವರನ್ನು ನೋಡುತ್ತಿದ್ದರೆ ನಾನು ಹಿಂದೆ ಡ್ರಮ್ ಸೆಟ್ಟಿನ ಮುಂದೆ ಕೂತಿದ್ದವರನ್ನು ನೋಡುತ್ತಿದ್ದೆ. ಅರವತ್ತರ ಆಸುಪಾಸು, ನರೆತ ಮೀಸೆ, ತೋಳು ಮಡಚಿದ ಬಿಳಿ ಅಂಗಿ, ಜೇಬಿನಲ್ಲಿ ಒಂದು ಮೋಟು ಪೆನ್ಸಿಲ್ಲು. ಕೈಕಾಲು ನಾಲ್ಕೂ ನಾಲ್ಕು ಕೆಲಸ ಮಾಡುತ್ತಿದ್ದರೂ ಮುಖ ಮಾತ್ರ ಬಸ್ಸಿಗೆ ಕಾಯುವವರ ಮುಖದಂತೆ ಇತ್ತು. ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ ಹೋಗಿ ನಿಂತೆ.

"ಸರ, ನಿಮ್ಮ ಕಡೆ ಇದನ್ನ ಕಲೀಬೇಕಂತ ಆಸೆ ಐತ್ರಿ."

"ಯಾರು, ನಿಮ್ ತಮ್ಮನಾ?"

"ಅಲ್ರಿ, ನಾನ."

ನನ್ನ ಸೀರೆ, ಬಳೆ, ಕೊರಳಲ್ಲಿದ್ದ ಕಾಲೇಜಿನ ಗುರುತಿನ ಚೀಟಿ ಎಲ್ಲವನ್ನೂ ಒಮ್ಮೆ ನೋಡಿದರು. "ಬಳೆ ತೆಗೆದಿಟ್ಟು ಬಾ ಕಣಮ್ಮ, ಭಾನ್ವಾರ. ಪುಟ್ಟೇನಳ್ಳಿ ಕೆರೆ ಅತ್ರ ಡ್ರಮ್ ಮೇಷ್ಟ್ರ ಮನೆ ಅನ್ನು, ಯಾರಾದ್ರೂ ತೋರಿಸ್ತಾರೆ" ಅಂದರು.

ಹಾಗೆ ಶುರುವಾಯಿತು. ಪುಟ್ಟೇನಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದ ಮನೆ ಅದು. ಹಿಂದಿನ ದನದ ಕೊಟ್ಟಿಗೆಯಲ್ಲಿ ಈಗ ದನ ಇರಲಿಲ್ಲ, ಡ್ರಮ್ ಸೆಟ್ಟು ಇತ್ತು. ಸದ್ದು ಬೀದಿಗೆ ಹೋಗದಿರಲಿ ಎಂದು ಗೋಡೆಗೆಲ್ಲ ಗೋಣಿಚೀಲ, ಅದರ ಮೇಲೆ ಮೊಟ್ಟೆ ಇಡುವ ರಟ್ಟಿನ ಟ್ರೇಗಳು. ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆದೆ. ಅವರು ನನ್ನನ್ನು ಅಮ್ಮಣ್ಣಿ ಅಂದರು. ನಮ್ಮ ಕಡೆ ಆ ಮಾತಿಲ್ಲ. ಇಪ್ಪತ್ತೇಳು ದಾಟಿದವಳನ್ನು ಪುಟ್ಟ ಹುಡುಗಿಯ ಹಾಗೆ ಕರೆದರಲ್ಲ ಎಂದು ಮೊದಲ ದಿನ ಸಿಟ್ಟು ಬಂತು. ಎರಡನೆಯ ಭಾನುವಾರ ಕರೆಯದೆ ಇದ್ದಾಗ ಬೇಜಾರಾಯಿತು. ಆ ದಂಪತಿಗೆ ಮಕ್ಕಳಿರಲಿಲ್ಲ.

ಮೇಷ್ಟ್ರು ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕೊನೆಯ ಹತ್ತು ವರ್ಷ ಇನ್ಸ್‌ಪೆಕ್ಷನ್ನಿನಲ್ಲಿದ್ದರು. ಅಂದರೆ ಬೇರೆಯವರು ಮಾಡಿದ ಕೆಲಸವನ್ನು ಅಳೆದು ಬರೆಯುವ ಕೆಲಸ. ಡ್ರಮ್ಮನ್ನು ಪುಸ್ತಕ ಓದಿ ಕಲಿತಿರಲಿಲ್ಲ, ಬಾಯಲ್ಲಿ ಹೇಳಿಯೇ ಕಲಿಸುತ್ತಿದ್ದರು. ಕಾಲಲ್ಲಿ ತುಳಿಯುವ ದೊಡ್ಡ ಡ್ರಮ್ಮು 'ದುಂ', ಮೊಣಕಾಲ ಮುಂದಿನ ಚಪ್ಪಟೆ ಡ್ರಮ್ಮು 'ಟ', ಪಕ್ಕದ ಜೋಡಿ ತಾಳ 'ಚ'. ದುಂ ಚ ಟ ಚ, ದುಂ ಚ ಟ ಚ. ಎಲ್ಲಕ್ಕಿಂತ ಮೊದಲು ಕಲಿಯುವ ಪಾಠ ಇದು, ಮಕ್ಕಳೂ ಒಂದು ತಿಂಗಳಲ್ಲಿ ಬಾರಿಸುತ್ತಾರೆ. ನನಗೆ ನಾಲ್ಕು ವರ್ಷ ಬೇಕಾಯಿತು.

ನನ್ನ ದೋಷ ಒಂದೇ. ಎರಡನೆಯ 'ಟ' ಅವಸರದಲ್ಲಿ ಬೀಳುತ್ತಿತ್ತು. ಮೊದಲನೆಯದು ಸರಿಯಾಗಿಯೇ ಇರುತ್ತಿತ್ತು, ಎರಡನೆಯದು ಬರುವ ಹೊತ್ತಿಗೆ ಸುತ್ತು ಮುಗಿಯಿತೆಂಬ ಖುಷಿಯಲ್ಲಿ ಎಡಗೈ ಓಡಿಬಿಡುತ್ತಿತ್ತು. ಮೇಷ್ಟ್ರು ಅದನ್ನು ತಮ್ಮ ಕಾರ್ಖಾನೆಯ ಅಳತೆಯಲ್ಲೇ ಹೇಳುತ್ತಿದ್ದರು. ಇಂಚಿನ ಎಂಟರಲ್ಲಿ ಒಂದು ಪಾಲಿಗೆ ಅವರು ನೂಲು ಅನ್ನುತ್ತಿದ್ದರು.

"ಒಂದ್ ನೂಲು ಮುಂದೆ ಬಿತ್ತು ಕಣಮ್ಮ."

"ಎಲ್ಲೈತ್ರಿ ಸರ? ಬರೊಬ್ಬರಿ ಬಿದ್ದೈತಿ."

"ಇಲ್ಲೇ ನಿಂತು ಕೇಳ್ತಾ ಇವ್ನಿ. ಒಂದ್ ನೂಲು."

ಸ್ಟೂಲು ಎತ್ತರ ಆಯಿತು ಅಂದೆ, ತಗ್ಗಿಸಿಕೊಂಡೆ. ಕಡ್ಡಿ ಭಾರ ಅಂದೆ, ಬೇರೆ ಕಡ್ಡಿ ಕೊಟ್ಟರು. ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಕ್ಕ ತಲೆಯೆತ್ತದೆ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ" ಅಂದರು. ನಾನು ಆ ದಿನ ಚಹಾ ಕುಡಿಯದೆ ಎದ್ದು ಹೋದೆ, ಮುಂದಿನ ಭಾನುವಾರ ಎರಡು ಲೋಟ ಕುಡಿದೆ.

ನನಗೆ ಕಿವಿಗಿಂತ ಕಾಗದದ ಮೇಲೆ ನಂಬಿಕೆ. ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿದಾಗ ಡ್ರಮ್ಮಿಗೆ ಒಂದು ಬರವಣಿಗೆ ಸಿಕ್ಕಿತು. ಸಂಗೀತದ ಐದು ಗೆರೆ, ಮೊಟ್ಟೆಯಾಕಾರದ ಸ್ವರಗಳು ಏನೂ ಇಲ್ಲ; ಬರೇ ಟೈಪು ಮಾಡುವ ಅಕ್ಷರ. ಒಂದೊಂದು ಡ್ರಮ್ಮಿಗೆ ಒಂದೊಂದು ಸಾಲು. ಬಾರಿಸಬೇಕಾದಲ್ಲಿ x ಅಥವಾ o, ಸುಮ್ಮನಿರಬೇಕಾದಲ್ಲಿ ಒಂದು ಅಡ್ಡಗೀಟು. ಒಂದರ ಕೆಳಗೆ ಒಂದು ಬಂದದ್ದನ್ನು ಒಟ್ಟಿಗೆ ಹೊಡೆಯಬೇಕು. ನೋಡಿದೊಡನೆ ನನಗೆ ತಿಳಿಯಿತು, ಏಕೆಂದರೆ ಅದು ನಮ್ಮ ಅಂಕಪಟ್ಟಿಯೇ ಆಗಿತ್ತು. ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಪ್ರಿಂಟ್ ತೆಗೆದು ಒಂದು ಕಟ್ಟು ಒಯ್ದೆ.

ಅಕ್ಕ ಇಣುಕಿ, "ಸ್ವೆಟರ್ ಎಣೆಯೋ ಲೆಕ್ಕ ಇದ್ದಂಗೈತೆ" ಅಂದರು. ಮೇಷ್ಟ್ರು ನಗುತ್ತಾರೆ ಎಂದುಕೊಂಡೆ, ಅವರು ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದರು. "ಓ, ಇದು ಡ್ರಾಯಿಂಗು" ಅಂದರು. ಫಿಟ್ಟರಿಗೆ ನಕ್ಷೆ ಓದುವುದನ್ನು ಯಾರೂ ಹೇಳಿಕೊಡಬೇಕಿಲ್ಲವಲ್ಲ. ಆಮೇಲೆ ನನಗೇ ಪಾಠ ಶುರು ಮಾಡಿದರು. ನಕ್ಷೆಯಲ್ಲಿ ತೂತು ಇಲ್ಲಿ ಬರಬೇಕು ಅಂತ ಇರುತ್ತದೆ. ಕೆಲಸಗಾರ ಕೊರೆದಾಗ ಅದು ಇನ್ನೆಲ್ಲೋ ಬಂದಿರುತ್ತದೆ. ಇನ್ಸ್‌ಪೆಕ್ಷನ್ನಿನವನು ನಕ್ಷೆಯ ಕೆಳಗೆ, ನಿಜವಾಗಿ ಎಲ್ಲಿ ಬಂದಿದೆಯೋ ಅದನ್ನೇ ಬರೆಯಬೇಕು.

"ಬರ್ಬೇಕಾದ್ದನ್ನ ಅಲ್ಲ ಕಣಮ್ಮ, ಬಂದದ್ದನ್ನ. ಆ ಬರೆದದ್ನ ಯಾರಾದ್ರೂ ಅಳಿಸಿದ್ರೋ, ಅವತ್ತೇ ಗೇಟಿಂದ ಆಚೆಗೆ."

ಈ ಮಾತು ನನಗೆ ಬಹಳ ಹಿಡಿಸಿತು. ಕೇಳಿದೆ, ಮೆಚ್ಚಿದೆ, ಮರೆತೆ.

ಎರಡು ವರ್ಷ ಚೆನ್ನಾಗಿ ನಡೆಯಿತು. ಪ್ರಿಂಟಿನ ಜಾಗಕ್ಕೆ ಮಕ್ಕಳ ಲೆಕ್ಕದ ಚೌಕಳಿ ಪುಸ್ತಕ ಬಂತು. ಚೌಕಗಳಿಗೆ ಮೇಷ್ಟ್ರು 'ಮನೆ' ಅನ್ನುತ್ತಿದ್ದರು, ಚೌಕಾಬಾರ ಆಡುವಾಗ ಅಂದ ಹಾಗೆ. ಒಂದು ಸುತ್ತಿಗೆ ಎಂಟು ಮನೆ. ನನ್ನ ಕಳ್ಳ 'ಟ' ಇದ್ದದ್ದು ಏಳನೆಯ ಮನೆಯಲ್ಲಿ.

ಚ | x x x x x x x x |
ಟ | - - o - - - o - |
ದ | o - - - o - - - |

ಎರಡು ಸಾವಿರದ ಹನ್ನೆರಡರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅಕ್ಕ ಆಫೀಸಿಗೆ ಫೋನು ಮಾಡಿದರು. ಮೇಷ್ಟ್ರಿಗೆ ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಮಡಿಲಲ್ಲಿ ಬಿದ್ದಿತ್ತು, ಬಲಗಾಲು ಎಳೆಯುತ್ತಿತ್ತು. ಮಾತಿನಲ್ಲಿ ಉಳಿದದ್ದು ಒಂದೇ ಪದ, 'ಆಯ್ತು'. ಊಟ ಬೇಕಾ ಅಂದರೆ ಆಯ್ತು, ಬೇಡವಾ ಅಂದರೂ ಆಯ್ತು. ಎಷ್ಟು ಅರ್ಥವಾಗುತ್ತಿದೆ ಎಂದು ಈಗಲೇ ಹೇಳಲಾಗದು ಅಂತ ಡಾಕ್ಟರು ಅಂದಿದ್ದರು. ನೋಡಲು ಬಂದವರೆಲ್ಲ ಕಿವುಡರೊಡನೆ ಮಾತಾಡುವಂತೆ ಕೂಗಿ ಕೇಳುತ್ತಿದ್ದರು: "ನಾನ್ಯಾರು ಗೊತ್ತಾಯ್ತಾ?" ಅವರು ಆಯ್ತು ಅಂದರೆ, ಬಂದವರು ಅಕ್ಕನ ಕಡೆ ತಿರುಗಿ ತಲೆಯಾಡಿಸುತ್ತಿದ್ದರು.

ನನಗೆ ತಡೆಯಲಾಗದ ಸಂಕಟ. ನನ್ನೂರಿನಲ್ಲಿ ನನ್ನಪ್ಪ ಇದ್ದರು, ಆದರೆ ನಾನು ಬಾರಿಸಿದ್ದನ್ನು ಅಷ್ಟು ಲಕ್ಷ್ಯಕೊಟ್ಟು ಕೇಳಿದವರು ಈ ಲೋಕದಲ್ಲಿ ಇವರೊಬ್ಬರೇ. ದುಂ ಚ ಟ ಚ ಅನ್ನುತ್ತಿದ್ದ ಬಾಯಿಗೆ ಈಗ ಆ ನಾಲ್ಕು ಶಬ್ದವೂ ಬರುತ್ತಿರಲಿಲ್ಲ. ತುಟಿ ದುಂಡಗೆ ಮಾಡಿ 'ದು' ಅನ್ನಲು ಹೋಗಿ, ಬಾರದೆ, ಆಯ್ತು ಅಂದುಬಿಡುತ್ತಿದ್ದರು. ಒಮ್ಮೆ ಅದನ್ನು ನೋಡಿ ಹಿತ್ತಲಿಗೆ ಹೋಗಿ ಅತ್ತೆ.

ಎಡಗೈಯಲ್ಲಿ ಬರೆಯುವ ಅಭ್ಯಾಸ ಮಾಡಿಸಿ ಎಂದು ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಹೇಳಿದಳು. ಅ ಆ ಬರೆಯಿರಿ ಎಂದು ಸ್ಲೇಟು ಕೊಟ್ಟರೆ ಮೇಷ್ಟ್ರು ಮುಖ ತಿರುಗಿಸಿದರು. ಆಗ ನನಗೆ ಚೌಕಳಿ ಪುಸ್ತಕ ನೆನಪಾಯಿತು. ಗುಣಾಕಾರದ ಗುರುತು, ಸೊನ್ನೆ, ಅಡ್ಡಗೀಟು ಬರೆಯಲು ಅಕ್ಷರ ಯಾಕೆ ಬೇಕು? ಹೊಸ ಪುಸ್ತಕ ತಂದು ಪುಟದ ಮೇಲ್ಭಾಗದಲ್ಲಿ ಮೊದಲ ಪಾಠ ಬರೆದು, ಅವರ ಕುರ್ಚಿಯನ್ನು ಕೊಟ್ಟಿಗೆಗೆ ಸಾಗಿಸಿ, ತೊಡೆಯ ಮೇಲೆ ರೊಟ್ಟಿ ಲಟ್ಟಿಸುವ ಮಣೆ ಇಟ್ಟು ಅದರ ಮೇಲೆ ಪುಸ್ತಕ ಇಟ್ಟೆ.

"ಸರ, ನಾನು ಬಾರಸ್ತೇನ್ರಿ. ನೀವು ಕೆಳಗ ಬರೀರಿ."

ಅವರು ಪೆನ್ಸಿಲ್ಲು ಹಿಡಿದರು. ಎಷ್ಟೋ ತಿಂಗಳ ಮೇಲೆ ಅವರ ಮುಖಕ್ಕೆ ಆ ಬಸ್ಸಿಗೆ ಕಾಯುವ ಕಳೆ ಮರಳಿತು. ನಾನು ಬಾರಿಸಿದೆ, ಅವರು ಬರೆದರು. ಒಂದು ಸಾಲಿಗೆ ಕಾಲು ಗಂಟೆ ಹಿಡಿಯಿತು. ಗೆರೆಗಳು ವಕ್ರ, ಸೊನ್ನೆಗಳು ಬದನೆಕಾಯಿಯಂತೆ ಸೊಟ್ಟ, ಆದರೂ ಎಲ್ಲವೂ ತಂತಮ್ಮ ಮನೆಯೊಳಗಿದ್ದವು. ಏಳನೆಯ ಮನೆಯ ಸೊನ್ನೆ ಮಾತ್ರ ಎಡಕ್ಕೆ ಸರಿದು, ಆರು ಮತ್ತು ಏಳರ ನಡುವಿನ ಗೆರೆಯ ಮೇಲೆ ಕೂತಿತ್ತು.

ನಾನು ರಬ್ಬರು ತೆಗೆದೆ. "ಇಲ್ರಿ ಸರ, ಇದು ಈ ಮನ್ಯಾಗ ಬರ್ತದ್ರಿ" ಎಂದು ಮಗುವಿಗೆ ಹೇಳುವಂತೆ ಮೆತ್ತಗೆ ಹೇಳಿ, ಅಳಿಸಿ, ಸರಿಯಾದ ಜಾಗದಲ್ಲಿ ಬರೆದೆ. ಅವರು ನನ್ನ ಮುಖ ನೋಡಿ, "ಆಯ್ತು" ಅಂದರು.

ಮುಂದಿನ ಭಾನುವಾರವೂ ಅದೇ. ಅದರ ಮುಂದಿನದೂ ಅದೇ. ಪ್ರತಿ ಸಲ ಅದೊಂದೇ ಸೊನ್ನೆ ಜಾರುತ್ತಿತ್ತು, ಪ್ರತಿ ಸಲ ನಾನು ತಿದ್ದುತ್ತಿದ್ದೆ. ನನ್ನ ತಾಳ್ಮೆಗೆ ನಾನೇ ಮೆಚ್ಚಿಕೊಂಡಿದ್ದೆ. ಇಷ್ಟು ಸಿಟ್ಟಿನ ಹೆಂಗಸು ಇವರ ಮುಂದೆ ಎಷ್ಟು ಶಾಂತವಾಗಿದ್ದೇನಲ್ಲ ಅಂತ. ಬರಬರುತ್ತ ಅವರು ಆ ಸೊನ್ನೆಯನ್ನು ಒತ್ತಿ ಒತ್ತಿ ಬರೆಯತೊಡಗಿದರು. ಎರಡು ಸಲ ಪೆನ್ಸಿಲ್ಲಿನ ಮೊನೆ ಮುರಿಯಿತು. ಕೈ ಹತೋಟಿಗೆ ಬರುತ್ತಿಲ್ಲ, ಪಾಪ, ಅಂದುಕೊಂಡೆ. ಒಂದು ಭಾನುವಾರ ಮಾತ್ರ ಸೊನ್ನೆ ಮನೆಯ ನಟ್ಟನಡುವೆ ಬಂತು. ನನಗಾದ ಸಂತೋಷಕ್ಕೆ ಪಕ್ಕದಲ್ಲಿ ದೊಡ್ಡದಾಗಿ 'ಗುಡ್' ಎಂದು ಬರೆದು ಒಂದು ನಕ್ಷತ್ರವನ್ನೂ ಹಾಕಿದೆ. ಮುಂದಿನ ವಾರ ಅದು ಮತ್ತೆ ಗೆರೆಯ ಮೇಲೆ ಹೋಗಿ ಕೂತಿತು.

ಹನ್ನೊಂದು ಪುಟ ತುಂಬಿದ ಮೇಲೆ ಒಂದು ದಿನ, ನಾನು ಅಳಿಸಲು ಬಗ್ಗಿದಾಗ ಮೇಷ್ಟ್ರು ಎಡಗೈಯ ಬೆರಳನ್ನು ಆ ಸೊನ್ನೆಯ ಮೇಲೆ ಇಟ್ಟರು. ಆಮೇಲೆ ಅದೇ ಬೆರಳನ್ನು ನನ್ನ ಕಡೆ ತೋರಿಸಿದರು. ಮತ್ತೆ ಸೊನ್ನೆ, ಮತ್ತೆ ನಾನು. ನೀನೇ ಬರೆ ಅನ್ನುತ್ತಿದ್ದಾರೆ ಎಂದು ತಿಳಿದು, "ಆಗ್ಲಿ ಬಿಡ್ರಿ ಸರ, ನಾನ ಬರೀತೇನಿ" ಎಂದು ಅಳಿಸಿ ಬರೆದೆ. ಅವರು ಪೆನ್ಸಿಲ್ಲು ಕೆಳಗೆ ಹಾಕಿದರು. ಪುಸ್ತಕವನ್ನು ಮಣೆಯಿಂದ ತಳ್ಳಿದರು. "ಆಯ್ತು" ಎಂದರು, ಅದರಲ್ಲಿ ದನಿಯೇ ಇರಲಿಲ್ಲ. ಅದಾದ ಮೇಲೆ ನಾಲ್ಕು ವಾರ ಪೆನ್ಸಿಲ್ಲು ಮುಟ್ಟಲಿಲ್ಲ, ಕೊಟ್ಟಿಗೆಗೆ ಬಂದು ಕೂತರೆ ಡ್ರಮ್ ಸೆಟ್ಟನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದರು. "ಅಮ್ಮಣ್ಣಿ, ಅದ್ನ ನೋಡಿ ನೋಡಿ ಕೊರಗ್ತವ್ರೆ. ತಲೇಲಿ ಏನೂ ನಿಲ್ತಿಲ್ಲ, ಮಗೀನಂಗೆ ಆಗೋಗವ್ರೆ. ಕಣ್ಮುಂದೆ ಇಲ್ದಿದ್ರೆ ಮರೀತಾರೇನೋ. ಆರ್ಕೆಸ್ಟ್ರಾದ ಕೀಬೋರ್ಡಿನೋರು ಬಂದು ತಗೊಂಡೋಯ್ತೀನಿ ಅಂದವ್ರೆ, ಬರೋ ಭಾನ್ವಾರ. ನೀನೇನಂತೀಯ?"

"ಕೊಟ್ಟುಬಿಡ್ರಿ ಅಕ್ಕಾ" ಅಂದೆ. ಹೌದು, ನಾನೇ ಅಂದೆ. ಅವರ ಒಳ್ಳೆಯದಕ್ಕೇ ಅಂತ ಅಂದೆ.

ಹೊರಡುವ ಮುನ್ನ ಕೊಟ್ಟಿಗೆಗೆ ಹೋಗಿ ಆ ಪಾಠವನ್ನು ಕೊನೆಯದಾಗಿ ಬಾರಿಸಿ ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಂಡೆ, ನೆನಪಿಗಿರಲಿ ಎಂದು. ಬಾಗಿಲಲ್ಲಿ ಮೇಷ್ಟ್ರು ಗೋಡೆ ಹಿಡಿದು ನಿಂತಿದ್ದರು. ನಾನು ಅವರ ಕಡೆ ನೋಡಲಿಲ್ಲ.

ಬುಧವಾರ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಿಟ್ಟುಕೊಂಡು, ಕಿವಿಗೆ ವೈರು ಸಿಕ್ಕಿಸಿ ಅದನ್ನು ಕೇಳಿದೆ. ದುಂ ಚ ಟ ಚ, ದುಂ ಚಟ ಚ. ಏನೋ ಎಡವಿದಂತಾಯಿತು. ಮೊಬೈಲು ಸರಿಯಿಲ್ಲ ಅಂದುಕೊಂಡೆ. ಮತ್ತೆ ಹಾಕಿದೆ. ಗೋಡೆ ಗಡಿಯಾರದ ಮುಳ್ಳಿಗೆ ಸರಿಯಾಗಿ ಬೆರಳಲ್ಲಿ ಟೇಬಲ್ಲು ಬಡಿಯುತ್ತ ಕೇಳಿದೆ. ಎರಡನೆಯ 'ಟ' ಬೆರಳಿಗಿಂತ ಮೊದಲೇ ಬಂತು. ಪ್ರತಿ ಸುತ್ತಿನಲ್ಲೂ, ತಪ್ಪದೆ, ಒಂದೇ ಅಳತೆಯಲ್ಲಿ ಮೊದಲು ಬಂತು. ಒಂದು ನೂಲು. ಅಷ್ಟು ವರ್ಷ ಅವರು ಬಾಯಲ್ಲಿ ಹೇಳುತ್ತಿದ್ದುದನ್ನು ನನ್ನ ಕಿವಿ ಆ ದಿನ ಮೊದಲ ಸಲ ಕೇಳಿತು.

ಕೈಯಲ್ಲಿದ್ದ ರೊಟ್ಟಿ ಡಬ್ಬಿಗೆ ಬಿತ್ತು. ಚೀಲದಲ್ಲಿದ್ದ ಚೌಕಳಿ ಪುಸ್ತಕ ತೆಗೆದು ಕಿಟಕಿಯ ಹತ್ತಿರ ಹೋದೆ. ನಾನು ಎಷ್ಟು ಚೆನ್ನಾಗಿ ಅಳಿಸಿದ್ದರೂ ಕಾಗದದಲ್ಲಿ ಒತ್ತಿದ ಗುರುತು ಹೋಗುವುದಿಲ್ಲ. ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ನಾನು ಬರೆದ ಅಂದವಾದ ಸೊನ್ನೆಗಳ ಎಡಕ್ಕೆ ಅವರ ಸೊನ್ನೆಗಳ ಗುಳಿ ಒಂದೊಂದಾಗಿ ಎದ್ದು ಬಂದವು. ಸ್ಕೇಲು ಇಟ್ಟೆ. ಮನೆಯ ನಡುವಿನಿಂದ ಎಡಕ್ಕೆ, ಅಂದರೆ ಹೊತ್ತಿಗೆ ಮುಂಚೆ, ಇಂಚಿನ ಎಂಟನೆಯ ಒಂದು ಪಾಲು. ಮುಂದಿನ ಪುಟ, ಅಷ್ಟೇ. ಅದರ ಮುಂದಿನದು, ಅಷ್ಟೇ. ಕೈ ನಡುಗುವ ಮನುಷ್ಯ ಅಷ್ಟು ವಾರ ಒಂದೇ ಅಳತೆಗೆ ನಡುಗುತ್ತಾನೆಯೇ?

ನಾನು ಮೇಲೆ ಬರೆದದ್ದನ್ನು ಅವರು ನಕಲು ಮಾಡುತ್ತಿದ್ದಾರೆ ಎಂದು ತಿಳಿದಿದ್ದೆ. ಅವರು ನಕಲು ಮಾಡಿರಲೇ ಇಲ್ಲ. ಮೇಲಿದ್ದದ್ದು ನಕ್ಷೆ, ಕೆಳಗೆ ಅವರು ಬರೆದದ್ದು ಇನ್ಸ್‌ಪೆಕ್ಷನ್. ಬರಬೇಕಾದ್ದಲ್ಲ, ಬಂದದ್ದು. ಮಾತು ಹೋದ ಮೇಲೂ ಪ್ರತಿ ಭಾನುವಾರ ಅವರು ನನಗೆ ಪಾಠ ಹೇಳಿದ್ದರು, ನಾನು ಪ್ರತಿ ಭಾನುವಾರ ಅದನ್ನು ರಬ್ಬರಿನಿಂದ ಒರೆಸಿ, ಪುಡಿಯನ್ನು ಊದಿ, ನಕ್ಕಿದ್ದೆ.

'ಗುಡ್' ಎಂದು ಬರೆದಿದ್ದ ಪುಟವನ್ನೂ ತೆಗೆದೆ. ಮೇಲೆ ತಾರೀಖು ಹಾಕಿದ್ದೆ, ಆಫೀಸಿನ ಅಭ್ಯಾಸ. ಆ ಭಾನುವಾರ ನನಗೆ ಚೆನ್ನಾಗಿ ನೆನಪಿತ್ತು. ಅಕ್ಕನ ಈಳಿಗೆಮಣೆಯಲ್ಲಿ ಈರುಳ್ಳಿ ಹೆಚ್ಚುವಾಗ ಎಡಗೈಯ ಬೆರಳು ಕುಯ್ದುಕೊಂಡು, ಬಟ್ಟೆ ಸುತ್ತಿಕೊಂಡು, ನೋವಿಗೆ ಹೆದರಿ ನಿಧಾನವಾಗಿ ಬಾರಿಸಿದ್ದೆ. ಆ ದಿನ ನನ್ನ ಎಡಗೈ ಓಡಿರಲಿಲ್ಲ. ಅದಕ್ಕೇ ಅವರು ಸೊನ್ನೆಯನ್ನು ನಡುವೆ ಬರೆದಿದ್ದರು. ಅವರು ಕೊಟ್ಟ ಶಹಬ್ಬಾಸ್‌ಗಿರಿಯ ಪಕ್ಕದಲ್ಲಿ ನಾನು ಅವರಿಗೆ ನಕ್ಷತ್ರ ಹಾಕಿ ಕೊಟ್ಟಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತಂತೆ, ಹಾಗಾಗಿತ್ತು ನನ್ನ ಗತಿ.

ಅರ್ಧ ದಿನದ ರಜೆ ಬರೆದುಕೊಟ್ಟು ಸಿಕ್ಕ ಆಟೋ ಹತ್ತಿದೆ. ಅಕ್ಕ ಹೊರಗೆ ರಾಗಿ ಒಣಗಿಸುತ್ತಿದ್ದರು, ಮೇಷ್ಟ್ರು ಜಗಲಿಯ ಕುರ್ಚಿಯಲ್ಲಿದ್ದರು. ಪುಸ್ತಕ ತೆರೆದು ಬಿಸಿಲಿಗೆ ಓರೆಯಾಗಿ ಹಿಡಿದು ಅಕ್ಕನಿಗೆ ಗುಳಿಗಳನ್ನು ತೋರಿಸಿದೆ. ಬೆರಳು ಕುಯ್ದ ದಿನದ ಪುಟವನ್ನೂ ತೋರಿಸಿದೆ. ಮೊಬೈಲಿನಲ್ಲಿ ನನ್ನ ಬಾರಿಸುವಿಕೆ ಕೇಳಿಸಿದೆ. ಅವರಿಗೆ ಗುಳಿ ಅರ್ಥವಾಗಲಿಲ್ಲ, ಬೆರಳಿನ ಮಾತು ಅರ್ಥವಾಯಿತು. ಆ ದಿನ ಅರಿಶಿನ ಹಚ್ಚಿ ಬಟ್ಟೆ ಸುತ್ತಿದವರು ಅವರೇ.

"ಅಂಗಾದ್ರೆ ಇವ್ರಿಗೆ ಎಲ್ಲಾ ಗೊತ್ತಾಗ್ತೈತಾ?"

"ಎಲ್ಲಾ ಗೊತ್ತಾಗ್ತದ್ರಿ ಅಕ್ಕಾ. ನಮಗ ಗೊತ್ತಾಗಿಲ್ಲ."

ಅಕ್ಕ ರಾಗಿ ಕೈ ಸೆರಗಿಗೆ ಒರೆಸಿಕೊಂಡು ಗಂಡನ ಮುಂದೆ ಹೋಗಿ ನಿಂತರು. "ರೀ, ಅವತ್ತು ನಾನು ಅಡಿಗೆಮನೇಲಿ ಮಗೀನಂಗೆ ಆಗವ್ರೆ ಅಂದ್ನಲ್ಲ, ಅದೂ ಕೇಳಿಸ್ತಾ?" ಅಂದರು.

"ಆಯ್ತು" ಅಂದರು ಮೇಷ್ಟ್ರು.

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಜಗಲಿಯ ಮೇಲೆ ಕೂತರು. ಮೇಷ್ಟ್ರು ಎಡಗೈ ಚಾಚಿ ಅವರ ತಲೆಯ ಮೇಲೆ ಇಟ್ಟು, "ಆಯ್ತು, ಆಯ್ತು" ಅಂದರು. ಅದು ಬಿಡು ಎಂಬ ಅರ್ಥದ ಆಯ್ತು. ಅಷ್ಟು ತಿಂಗಳು ಆ ಪದದಲ್ಲಿ ಎಷ್ಟು ಬಗೆ ಇದೆ ಎಂದು ನಾವು ಯಾರೂ ಕಿವಿಗೊಟ್ಟಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಒಳಗೆ ಹೋಗಿ ಕೀಬೋರ್ಡಿನವರಿಗೆ ಫೋನು ಮಾಡಿ, ಭಾನುವಾರ ಬರಬೇಡಿ ಅಂದರು.

ನಾನು ಮೇಷ್ಟ್ರ ಕಾಲ ಹತ್ತಿರ ಕೂತೆ. ಪುಸ್ತಕ ತೆರೆದು, ಪೆನ್ಸಿಲ್ಲು ತೆಗೆದುಕೊಂಡು, ನನ್ನ ಒಂದು ಚೆಂದದ ಸೊನ್ನೆಯನ್ನು ಹೊಡೆದುಹಾಕಿ, ಅವರ ಗುಳಿಯಲ್ಲಿ ಅವರ ಸೊನ್ನೆಯನ್ನು ಮತ್ತೆ ತುಂಬಿದೆ.

"ಇದು ನಂದೇನ್ರಿ ಸರ? ನಾನು ಬಾರ್ಸಿದ್ದು?"

ಅವರ ಮುಖದಲ್ಲಿ ಎಡಭಾಗ ಮಾತ್ರ ನಕ್ಕಿತು. ಲಕ್ವ ಹೊಡೆದ ಮೇಲೆ ಅದೇ ಮೊದಲ ನಗು. ಪುಸ್ತಕದ ಮೇಲಿದ್ದ ನನ್ನ ರಬ್ಬರನ್ನು ಎರಡು ಬೆರಳಲ್ಲಿ ಎತ್ತಿಕೊಂಡು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ಕುರ್ಚಿಯ ಕೈ ಹಿಡಿದು ಏಳಲು ನೋಡಿದರು. ಅವರ ಕಣ್ಣು ಕೊಟ್ಟಿಗೆಯ ಕಡೆ ಇತ್ತು.

ಬಳೆ ತೆಗೆದಿಟ್ಟು ಸ್ಟೂಲಿನ ಮೇಲೆ ಕೂತೆ. ಏಳನೆಯ ಮನೆ ಬಂದಾಗಲೆಲ್ಲ ಎಡಗೈಯನ್ನು ಮನಸ್ಸಿನಲ್ಲೇ ಹಿಡಿದು ನಿಲ್ಲಿಸುತ್ತ ಎಂಟು ಸುತ್ತು ಬಾರಿಸಿದೆ. ಮೇಷ್ಟ್ರು ತಲೆ ಬಗ್ಗಿಸಿ ನಿಧಾನವಾಗಿ ಬರೆದರು. ಅಕ್ಕ ಬಾಗಿಲಲ್ಲಿ ನಿಂತಿದ್ದರು. ಮೇಷ್ಟ್ರು ಬರೆದು ಮುಗಿಸಿದ ಮೇಲೆ ಎದ್ದು ಹೋಗಿ ನೋಡಿದೆ.

ಸೊನ್ನೆ ಗೆರೆಯ ಮೇಲಿರಲಿಲ್ಲ. ನಡುವೆಯೂ ಇರಲಿಲ್ಲ. ಅರ್ಧ ನೂಲು ಎಡಕ್ಕಿತ್ತು.

ನನ್ನ ಕೈ ತನ್ನಷ್ಟಕ್ಕೆ ಪುಸ್ತಕದ ಮೇಲೆ ರಬ್ಬರು ತಡಕಿತು. ಮೇಷ್ಟ್ರು ಎಡಗೈಯನ್ನು ಜೇಬಿನ ಮೇಲೆ ಇಟ್ಟುಕೊಂಡು ನನ್ನನ್ನು ನೋಡಿದರು. "ಆಯ್ತು" ಅಂದರು, ಸ್ಟೂಲಿನ ಕಡೆ ಗದ್ದ ತೋರಿಸಿ. ನಾನು ಕಣ್ಣೊರೆಸಿಕೊಂಡು ಹೋಗಿ ಇನ್ನೊಂದು ಸಲ ಬಾರಿಸಲು ಕೂತೆ.